ಹಳೇ ಡೀಸೆಲ್ ಲಾರಿಗೆ ಓವರ್‌ಡ್ರೈವ್: ಸುತ್ತು ಎಣಿಸಿ, ಆಮೇಲೆ ದುಡ್ಡು ಎಣಿಸಿ

ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವಾಗ ಅಣ್ಣಿಗೇರಿ ಕಡೆ ನೆಲ ಪೂರ್ತಿ ಸಪಾಟು. ಎರಡೂ ಕಡೆ ಎರೆಹೊಲ, ನೇರ ರಸ್ತೆ. ಗಾಡಿ ಟಾಪ್ ಗೇರಿನಲ್ಲಿದೆ, ಮೀಟರ್ ಮುಳ್ಳು 60ರ ಮೇಲಿದೆ. ಆದರೂ ಎಂಜಿನ್ ಇನ್ನೊಂದು ಗೇರ್ ಹಾಕು ಅಂತ ಕೂಗ್ತಾನೇ ಇರುತ್ತದೆ. ಎಡಗೈ ತಾನಾಗಿ ಲಿವರ್ ಮೇಲೆ ಹೋಗುತ್ತದೆ, ಅಲ್ಲಿ ಇನ್ನೊಂದು ಗೇರ್ ಇರುವುದಿಲ್ಲ. ಹಳೇ ಟಾಟಾ, ಲೇಲ್ಯಾಂಡ್ ಓಡಿಸಿದ ಎಲ್ಲರಿಗೂ ಇದು ಗೊತ್ತು. ಆ ಇಲ್ಲದ ಗೇರಿನ ಹೆಸರೇ ಓವರ್‌ಡ್ರೈವ್.

ನಮ್ಮ ಮನೆಯಲ್ಲಿ ಇರೋದು ಒಂದೇ ಲಾರಿ. ಬ್ಯಾಡಗಿ ಮೆಣಸಿನಕಾಯಿ, ಹತ್ತಿ, ಗೋವಿನಜೋಳ, ಸಿಕ್ಕ ಲೋಡ್ ಹೊಡೆಯುತ್ತೇವೆ. ಓವರ್‌ಡ್ರೈವ್ ಹಾಕಿಸಬೇಕು ಅಂತ ಮನಸ್ಸಾದಾಗ ನಾನು ಮಾಡಿದ ಮೊದಲ ಕೆಲಸ ಗುಜರಿ ಅಂಗಡಿಗೆ ಹೋಗಿದ್ದು. ಅಲ್ಲಿಯವನು ಒಂದು ಗೇರ್ ಬಾಕ್ಸ್ ತೋರಿಸಿ ಇದು ಓವರ್‌ಡ್ರೈವ್ ಅಂದ. ನಾನು ದುಡ್ಡು ಕೊಟ್ಟೆ, ಟೆಂಪೋದಲ್ಲಿ ಹೇರಿಕೊಂಡು ಬಂದೆ, ನಾಲ್ಕು ದಿನ ಗಾಡಿ ನಿಲ್ಲಿಸಿ ಕೂರಿಸಿದೆವು. ಗಾಡಿ ರಸ್ತೆಗೆ ಬಂತು. ಎಂಜಿನ್ ಮೊದಲಿನ ಹಾಗೇ ಕೂಗುತ್ತಿತ್ತು.

ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ನಮ್ಮ ಕಾಕಾ ಬಂದು ಗಾಡಿ ಕೆಳಗೆ ಬಗ್ಗಿ ನೋಡಿದರು.

"ಸುತ್ತು ಎಣಿಸಿ ತಂದೀಯೇನೋ ತಮ್ಮಾ?"

"ಇಲ್ಲ ಕಾಕಾ. ಅಂವಾ ಓವರ್‌ಡ್ರೈವ್ ಅಂದ, ತಗೊಂಡ್ ಬಂದೆ."

"ಅಂವಾ ಅಂದ್ರ ಆತೇನು? ಒಂದು ಖಡು ತಗೊಂಡ್ ಬಾ."

ಗೇರ್ ಬಾಕ್ಸಿನಿಂದ ಹಿಂದಿನ ಗಾಲಿಗಳ ಕಡೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಬಿಚ್ಚಿದೆವು. ಆ ಶಾಫ್ಟ್ ಸೇರುವ ದುಂಡು ತಟ್ಟೆ, ಅಂದರೆ ಬಾಕ್ಸಿನ ಹಿಂದಿನ ಫ್ಲ್ಯಾಂಜ್ ಮೇಲೆ ಕಾಕಾ ಒಂದು ಬಿಳಿ ಗೆರೆ ಎಳೆದರು. ಟಾಪ್ ಗೇರಿಗೆ ಹಾಕಿ, ಎಂಜಿನ್ ಸ್ಟಾಪ್ ಎಳೆದಿಟ್ಟು, ನಾನು ಮುಂದೆ ಪುಲ್ಲಿಗೆ ಉದ್ದನೆ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಿದೆ. ಕಾಕಾ ಗೋಣಿಚೀಲ ಹಾಸಿಕೊಂಡು ಕೆಳಗೆ ಮಲಗಿ ಗೆರೆ ನೋಡುತ್ತಾ ಗಟ್ಟಿಯಾಗಿ ಎಣಿಸಿದರು. ನಾನು ಹತ್ತು ಸುತ್ತು ತಿರುಗಿಸಿದೆ. ಫ್ಲ್ಯಾಂಜ್ ಕೂಡ ಹತ್ತೇ ಸುತ್ತು ತಿರುಗಿತು. ಅಂದರೆ ನಾನು ಹಳೇ ಬಾಕ್ಸ್ ಬಿಚ್ಚಿ ಅಂಥದ್ದೇ ಇನ್ನೊಂದನ್ನು ದುಡ್ಡು ಕೊಟ್ಟು ಹಾಕಿಸಿಕೊಂಡಿದ್ದೆ. ಆವತ್ತು ಕಳೆದುಕೊಂಡ ದುಡ್ಡು ನಿಮ್ಮದೂ ಆಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ದಾರಿ ನೋಡಿ

ಬಾಕ್ಸ್ ಹುಡುಕುವ ಮುಂಚೆ ಒಂದು ನೋಟ್‌ಬುಕ್ ತಗೊಳ್ಳಿ. ಹದಿನೈದು ದಿನ ಬರೆದಿಡಿ: ಎಲ್ಲಿಂದ ಎಲ್ಲಿಗೆ, ಎಷ್ಟು ಟನ್, ಟಾಪ್ ಗೇರಿನಲ್ಲಿ 50ರ ಮೇಲೆ ಎಷ್ಟು ಹೊತ್ತು ಓಡಿತು. ಓಡಿದ ಹೊತ್ತಿನಲ್ಲಿ ಅರ್ಧಕ್ಕಿಂತ ಕಡಿಮೆ ಟಾಪ್ ಗೇರ್ ಇದ್ದರೆ ಈ ಖರ್ಚು ಬೇಡ. ಜಲ್ಲಿ, ಮರಳು ಹೊಡೆಯುವ ಟಿಪ್ಪರ್‌ಗಂತೂ ಬೇಡವೇ ಬೇಡ. ಊರೊಳಗೆ, ಎಪಿಎಂಸಿ ಸುತ್ತಮುತ್ತ ಓಡಾಡುವ ಗಾಡಿಗೂ ಅಷ್ಟೇ. ಹುಬ್ಬಳ್ಳಿಯಿಂದ ಹಾವೇರಿ, ರಾಣೆಬೆನ್ನೂರು, ದಾವಣಗೆರೆ ಕಡೆ ಹೆದ್ದಾರಿ 48ರಲ್ಲಿ, ಇಲ್ಲವೇ ಗದಗ, ಕೊಪ್ಪಳ, ಹೊಸಪೇಟೆ ಕಡೆ ಹೆದ್ದಾರಿ 67ರಲ್ಲಿ ದಿನವೂ ಓಡುವ ಗಾಡಿಯಾದರೆ ವಿಚಾರ ಮಾಡಬಹುದು.

ಲೋಡ್ ಯಾವುದು ಅನ್ನೋದು ಇನ್ನೂ ಮುಖ್ಯ. ಒಣ ಮೆಣಸಿನಕಾಯಿ ಹಗುರ. ತೂಕ ತುಂಬುವ ಮೊದಲೇ ಬಾಡಿ ತುಂಬುತ್ತದೆ, ಚೀಲಗಳು ಕ್ಯಾಬಿನ್ ಮೇಲೆ ಎದ್ದು ನಿಲ್ಲುತ್ತವೆ. ಹತ್ತಿಯೂ ಹಾಗೇ. ತೂಕ ಕಡಿಮೆ ಇರೋದರಿಂದ ಓವರ್‌ಡ್ರೈವ್ ಎಳೆಯುತ್ತದೆ, ಆದರೆ ಎತ್ತರದ ಲೋಡಿಗೆ ಗಾಳಿ ತಡೆ ಜಾಸ್ತಿ. ಗೋವಿನಜೋಳ, ಸಿಮೆಂಟು ಇದಕ್ಕೆ ಉಲ್ಟಾ. ಲೋಡ್ ಗಿಡ್ಡ, ತೂಕ ಭಾರ. ಸಪಾಟು ನೆಲದಲ್ಲಿ ವೇಗ ಹಿಡಿದ ಮೇಲೆ ಓವರ್‌ಡ್ರೈವ್ ನಡೆಯುತ್ತದೆ, ಸಣ್ಣ ಏರು ಬಂದರೂ ಕೆಳಗಿನ ಗೇರಿಗೆ ಬರಬೇಕಾಗುತ್ತದೆ.

ಗಾಳಿಯ ವಿಷಯ ಹೇಳಿದೆನಲ್ಲ, ಅದನ್ನು ಪೂರ್ತಿ ಮಾಡಿಬಿಡುತ್ತೇನೆ. ಗದಗ ಕಡೆ ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಮುಂಗಾರಿನಲ್ಲಿ ಪಡುವಣ ಗಾಳಿ ಜೋರು. ಆ ತಿಂಗಳುಗಳಲ್ಲಿ ಗದಗದಿಂದ ಹುಬ್ಬಳ್ಳಿಗೆ ಬರುವ ಗಾಡಿಗೆ ಗಾಳಿ ಎದುರು, ಹೋಗುವ ಗಾಡಿಗೆ ಬೆನ್ನಿಗೆ. ಒಂದೇ ರಸ್ತೆ, ಒಂದೇ ಲೋಡ್ ಆದರೂ ಹೋಗುವಾಗ ಓವರ್‌ಡ್ರೈವ್ ಆರಾಮಾಗಿ ನಿಲ್ಲುತ್ತದೆ, ಬರುವಾಗ ನಿಲ್ಲುವುದಿಲ್ಲ. ಅದಕ್ಕೇ ಒಂದೇ ಟ್ರಿಪ್ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ.

ಈಗ ಚಾಕ್‌ಪೀಸು, ಟೇಪು

ಟಾಪ್ ಗೇರ್ ನೇರ ಅಂದರೆ ಎಂಜಿನ್ ಒಂದು ಸುತ್ತು ತಿರುಗಿದರೆ ಪ್ರೊಪೆಲ್ಲರ್ ಶಾಫ್ಟ್ ಕೂಡ ಒಂದೇ ಸುತ್ತು. ಅನುಪಾತ 1. ಓವರ್‌ಡ್ರೈವ್‌ನಲ್ಲಿ ಅದು 1ಕ್ಕಿಂತ ಕಡಿಮೆ. 0.8 ಅಂದರೆ ಎಂಜಿನ್ 10 ಸುತ್ತು ತಿರುಗಿದಾಗ ಶಾಫ್ಟ್ ಹನ್ನೆರಡೂವರೆ ಸುತ್ತು. ಓವರ್‌ಡ್ರೈವ್ ಹಾಕಿದರೆ ಶಾಫ್ಟ್ ಜೋರಾಗಿ ತಿರುಗಿ ಜಾಯಿಂಟ್ ಹೋಗುತ್ತದೆ ಅಂತ ಕೆಲವರು ಹೆದರುತ್ತಾರೆ. ಗಾಡಿಯ ವೇಗ ಅದೇ ಇದ್ದರೆ ಶಾಫ್ಟಿನ ವೇಗವೂ ಅದೇ. ಎಂಜಿನ್ ಮಾತ್ರ ನಿಧಾನ ಆಗುತ್ತದೆ.

ಎರಡು ಅಳತೆ ಬೇಕು. ಒಂದು, ಹಿಂದಿನ ಹೌಸಿಂಗ್ ಒಳಗಿರುವ ಕ್ರೌನ್ ಪಿನಿಯನ್ನಿನ ಅನುಪಾತ, ಅಂದರೆ ಕ್ರೌನ್ ಅನ್ನೋ ದೊಡ್ಡ ಗೇರ್ ಒಂದು ಸುತ್ತು ತಿರುಗಲು ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನೋದು. ಆರ್‌ಸಿ ನೋಡಿ, ಕಂಪನಿ ಪುಸ್ತಕ ನೋಡಿ ನಂಬಬೇಡಿ. ಹಳೇ ಗಾಡಿಗಳಲ್ಲಿ ನಡುವೆ ಯಾರ್ಯಾರೋ ಏನೇನೋ ಬದಲಾಯಿಸಿರುತ್ತಾರೆ. ಸಪಾಟು ಜಾಗದಲ್ಲಿ ಖಾಲಿ ಗಾಡಿ ನಿಲ್ಲಿಸಿ. ಮುಂದಿನ ಎರಡೂ ಗಾಲಿಗೆ ಮುಂದೆ ಹಿಂದೆ ಕಲ್ಲು ಕೊಡಿ. ಗೇರ್ ನ್ಯೂಟ್ರಲ್. ಹಿಂದಿನ ಒಂದು ಕಡೆಯ ಗಾಲಿಯನ್ನು ಜ್ಯಾಕ್ ಹಾಕಿ ಎತ್ತಿ, ಗಟ್ಟಿ ಸ್ಟ್ಯಾಂಡ್ ಕೊಟ್ಟ ಮೇಲೆ ಹ್ಯಾಂಡ್‌ಬ್ರೇಕ್ ಬಿಡಿ. ಬರೀ ಜ್ಯಾಕ್ ನಂಬಿ ಯಾರೂ ಕೆಳಗೆ ಹೋಗಬೇಡಿ. ಟೈರಿಗೊಂದು ಗೆರೆ, ಶಾಫ್ಟಿಗೊಂದು ಗೆರೆ ಎಳೆಯಿರಿ. ಒಬ್ಬರು ಗಾಲಿ ತಿರುಗಿಸಲಿ, ಇನ್ನೊಬ್ಬರು ಶಾಫ್ಟಿನ ಸುತ್ತು ಎಣಿಸಲಿ.

ತುಂಬಾ ಜನ ತಪ್ಪೋದು ಇಲ್ಲೇ. ಒಂದು ಗಾಲಿ ನೆಲದ ಮೇಲೆ ನಿಂತಿದ್ದು ಇನ್ನೊಂದೇ ತಿರುಗುತ್ತಿದ್ದರೆ, ಎರಡೂ ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದರಿಂದ ಗಾಲಿ ಎರಡು ಸುತ್ತು ತಿರುಗಿದಾಗ ಕ್ರೌನ್ ಒಂದು ಸುತ್ತು. ಹಾಗಾಗಿ ಗಾಲಿಯನ್ನು 20 ಸುತ್ತು ತಿರುಗಿಸಿ, ಅದನ್ನು ಕ್ರೌನಿನ 10 ಸುತ್ತು ಅಂತ ಲೆಕ್ಕ ಹಿಡಿಯಿರಿ. ಶಾಫ್ಟ್ 68 ಸುತ್ತು ದಾಟಿ ಸ್ವಲ್ಪ ಮುಂದೆ ನಿಂತರೆ ಅನುಪಾತ 6.83, ಅಂದರೆ ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 6. ಐವತ್ತೆಂಟೂವರೆ ಹತ್ತಿರ ನಿಂತರೆ 5.86, ಅಂದರೆ 41ಕ್ಕೆ 7. ಒಂದೇ ಹಲ್ಲಿನ ವ್ಯತ್ಯಾಸ, ಆದರೆ ಓವರ್‌ಡ್ರೈವ್ ಬೇಕೋ ಬೇಡವೋ ಅನ್ನೋದನ್ನ ಆ ಒಂದು ಹಲ್ಲೇ ಹೇಳಿಬಿಡುತ್ತದೆ.

ಎರಡನೇ ಅಳತೆ ಟೈರಿನದು. ಲೋಡ್ ಇರುವಾಗ ಟೈರಿಗೆ, ಅದರ ಕೆಳಗಿನ ನೆಲಕ್ಕೆ ಗೆರೆ ಎಳೆದು, ಗಾಡಿಯನ್ನು ನಿಧಾನವಾಗಿ ಹತ್ತು ಸುತ್ತು ಮುಂದೆ ಬಿಡಿ. ಮತ್ತೆ ನೆಲಕ್ಕೆ ಗೆರೆ ಎಳೆದು ಟೇಪು ಹಿಡಿಯಿರಿ. 9.00-20 ಟೈರಿಗೆ ಹತ್ತು ಸುತ್ತಿಗೆ 31 ಮೀಟರ್ ಆಸುಪಾಸು ಬರುತ್ತದೆ. ಸವೆದ ಟೈರಾದರೆ ಇನ್ನೂ ಕಡಿಮೆ.

ಇನ್ನು ಲೆಕ್ಕ ಸುಲಭ. 60 ಕಿ.ಮೀ. ವೇಗ ಅಂದರೆ ನಿಮಿಷಕ್ಕೆ 1000 ಮೀಟರ್. ಅದನ್ನು 3.1ರಿಂದ ಭಾಗಿಸಿದರೆ ಗಾಲಿ ನಿಮಿಷಕ್ಕೆ ಸುಮಾರು 322 ಸುತ್ತು. 6.83ರಿಂದ ಗುಣಿಸಿದರೆ ಎಂಜಿನ್ 2200 ಆರ್‌ಪಿಎಂ, ಅಂದರೆ ನಿಮಿಷಕ್ಕೆ 2200 ಸುತ್ತು. ಅಣ್ಣಿಗೇರಿ ಹತ್ತಿರ ಕೂಗೋದು ಇದೇ. ಇದಕ್ಕೆ 0.8ರ ಓವರ್‌ಡ್ರೈವ್ ಹಾಕಿದರೆ 1760ಕ್ಕೆ ಇಳಿಯುತ್ತದೆ. ಆದರೆ ನಿಮ್ಮ ಕ್ರೌನ್ 41ಕ್ಕೆ 7 ಆಗಿದ್ದರೆ ಈಗಲೇ 60ಕ್ಕೆ 1890 ಇರುತ್ತದೆ. 0.8 ಹಾಕಿದರೆ 1510. ಈ ಎರಡನೇ ಗಾಡಿಗೆ ಓವರ್‌ಡ್ರೈವ್ ಹಾಕಿಸುವ ಮುಂಚೆ ಹತ್ತು ಸಲ ವಿಚಾರ ಮಾಡಿ.

ಎಷ್ಟು ಇಳಿಸಬೇಕು

ಆರ್‌ಪಿಎಂ ಇಳಿದಷ್ಟೂ ಒಳ್ಳೆಯದು ಅನ್ನೋದು ತಪ್ಪು. ಡೀಸೆಲ್ ಎಂಜಿನ್ನಿಗೆ ಜಾಸ್ತಿ ಎಳೆತ ಸಿಗುವ ಒಂದು ಜಾಗ ಇರುತ್ತದೆ. ಗಾಳಿ ಒತ್ತಿ ತುಂಬುವ ಟರ್ಬೊ ಇರುವ ಹಳೇ ಆರು ಸಿಲಿಂಡರ್ ಎಂಜಿನ್ನುಗಳಲ್ಲಿ ಅದು ಸಾಮಾನ್ಯವಾಗಿ 1400ರಿಂದ 1600ರ ನಡುವೆ. ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿ ಗರಿಷ್ಠ ಟಾರ್ಕ್ (ಎಳೆತ) ಯಾವ ಆರ್‌ಪಿಎಂನಲ್ಲಿ ಅಂತ ಬರೆದಿರುತ್ತದೆ, ಅದನ್ನು ನೋಡಿ. ನೀವು ದಿನಾ ಓಡಿಸುವ ವೇಗದಲ್ಲಿ ಎಂಜಿನ್ ಆ ಜಾಗಕ್ಕಿಂತ 100ರಿಂದ 300 ಮೇಲೆ ಇರಬೇಕು. ಆಗ ಸಣ್ಣ ಏರು ಬಂದು ವೇಗ ಸ್ವಲ್ಪ ಬಿದ್ದರೂ ಎಂಜಿನ್ ಎಳೆತದ ಕಡೆಗೇ ಬೀಳುತ್ತದೆ, ತಾನೇ ಸುಧಾರಿಸಿಕೊಳ್ಳುತ್ತದೆ.

ಅದಕ್ಕಿಂತ ಕೆಳಗೆ ಇಳಿಸಿ ಎಳೆಸಿದರೆ ಟರ್ಬೊ ಗಾಳಿ ಕೊಡುವುದಿಲ್ಲ, ಕರಿ ಹೊಗೆ ಬರುತ್ತದೆ, ಸೈಲೆನ್ಸರ್ ಕಡೆ ಬಿಸಿ ಏರುತ್ತದೆ, ಗೇರ್ ಲಿವರ್ ಕೈಯಲ್ಲಿ ಗಡಗಡ ಅನ್ನುತ್ತದೆ. ಡೀಸೆಲ್ ಉಳಿಸೋಕೆ ಹೋಗಿ ಪಿಸ್ಟನ್ ಕೆಲಸ ತಂದುಕೊಂಡ ಹಾಗೆ. ನೀರಿನ ಪಂಪು, ಫ್ಯಾನು, ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಎಲ್ಲವೂ ಎಂಜಿನ್ ಜೊತೆಗೇ ನಿಧಾನ ಆಗುತ್ತವೆ ಅನ್ನೋದನ್ನೂ ಮರೆಯಬೇಡಿ.

ಯಾವ ದಾರಿ ಹಿಡಿಯೋದು

ಎಲ್ಲರಿಗೂ ಮೊದಲು ಹೊಳೆಯೋದು ಕ್ರೌನ್ ಪಿನಿಯನ್ ಬದಲಾಯಿಸೋದು. ಅಗ್ಗ, ಬೇಗ ಆಗುತ್ತದೆ, ಗೇರ್ ಬಾಕ್ಸ್ ಮುಟ್ಟಬೇಕಾಗಿಲ್ಲ. ಸಪಾಟು ನೆಲದಲ್ಲೇ ಓಡುವ ಗಾಡಿಗೆ ನಾನು ಇದನ್ನೇ ಮೊದಲು ನೋಡಿ ಅನ್ನುತ್ತೇನೆ. ಆದರೆ ಇದು ಎಲ್ಲ ಗೇರನ್ನೂ ಉದ್ದ ಮಾಡುತ್ತದೆ, ಮೊದಲ ಗೇರನ್ನೂ ಸೇರಿಸಿ. ಮೊದಲ ಗೇರ್ 7.5 ಅಂತ ಹಿಡಿಯೋಣ. 6.83ರ ಜೊತೆ ಗುಣಿಸಿದರೆ 51. ಕ್ರೌನ್ 5.86 ಮಾಡಿದರೆ 44. ಲೋಡ್ ಹೊತ್ತು ನಿಂತಲ್ಲಿಂದ ಏಳುವ ಶಕ್ತಿ ನೂರಕ್ಕೆ 14 ಪಾಲು ಹೋಯಿತು. ಯಲ್ಲಾಪುರ ದಾಟಿ ಅರಬೈಲ್ ಘಟ್ಟದಲ್ಲಿ ಕೆಳಗಿನಿಂದ ಲೋಡ್ ತರುವಾಗ ತಿರುವಿನಲ್ಲಿ ಎದುರಿನ ಗಾಡಿಗೆ ನಿಂತು ಮತ್ತೆ ಎಬ್ಬಿಸಬೇಕು ಅಲ್ವಾ, ಆಗ ಈ 14 ಪಾಲು ಎಲ್ಲಿ ಹೋಯಿತು ಅಂತ ಕ್ಲಚ್ ವಾಸನೆಯೇ ಹೇಳುತ್ತದೆ.

ದೊಡ್ಡ ಟೈರ್ ಹಾಕುವುದೂ ಇದೇ ಕೆಲಸವನ್ನು ಸಣ್ಣದಾಗಿ ಮಾಡುತ್ತದೆ. ಅದರ ಜೊತೆಗೆ ರಿಮ್ಮು, ಮಡ್‌ಗಾರ್ಡು, ಬ್ರೇಕಿನ ತೊಂದರೆ ಬರುತ್ತವೆ. ಬಿಟ್ಟುಬಿಡಿ.

ಗೇರ್ ಬಾಕ್ಸಿನ ಹಿಂದೆ ಪ್ರತ್ಯೇಕವಾಗಿ ಕೂರಿಸುವ ಓವರ್‌ಡ್ರೈವ್ ಯೂನಿಟ್ ಅಮೆರಿಕದ ಪಿಕಪ್ ಗಾಡಿಗಳಲ್ಲಿ ಬಹಳ ಓಡುತ್ತದೆ. ಅಲ್ಲಿನ ಗೇರ್ ವೆಂಡರ್ಸ್ ಯೂನಿಟ್ಟಿನ ಅನುಪಾತ 0.78. ಹಳೇ ಬಾಕ್ಸ್ ಹಾಗೇ ಇರುತ್ತದೆ, ಮೊದಲ ಗೇರಿನ ಶಕ್ತಿ ಹಾಗೇ ಇರುತ್ತದೆ, ಬೇಕಾದಾಗ ಮಾತ್ರ ಓವರ್‌ಡ್ರೈವ್ ಸೇರುತ್ತದೆ. ಆದರೆ ನಮ್ಮ ಲಾರಿಗೆ ಅಂಗಡಿಯಲ್ಲಿ ಕೇಳಿದರೆ ಸಿಗುವ ವಸ್ತು ಅಲ್ಲ ಅದು.

ಅಮೆರಿಕದ ಮಾತು ಬಂದಿದ್ದಕ್ಕೆ ಒಂದು ವಿಷಯ. ಅಲ್ಲಿ 1989ರಲ್ಲಿ ಡಾಡ್ಜ್ ಪಿಕಪ್‌ಗೆ ಹಾಕಿದ 5.9 ಲೀಟರಿನ ಕಮಿನ್ಸ್ ಬಿ ಸರಣಿಯ ಎಂಜಿನ್ ನಮಗೂ ಗೊತ್ತಿರೋದೇ. 1993ರಲ್ಲಿ ಶುರುವಾದ ಟಾಟಾ ಕಮಿನ್ಸ್ ಕಂಪನಿ ಜಮ್‌ಶೆಡ್‌ಪುರದಲ್ಲಿ ಅದೇ ಕುಟುಂಬದ ಎಂಜಿನ್ ಮಾಡಿ ನಮ್ಮ ಲಾರಿಗಳಿಗೆ ಕೊಟ್ಟಿತು. ಡಾಡ್ಜಿನ ಮೊದಲ ಆಟೋಮ್ಯಾಟಿಕ್ ಬಾಕ್ಸಿನಲ್ಲಿ ಮೂರೇ ಗೇರ್, ಓವರ್‌ಡ್ರೈವ್ ಇರಲಿಲ್ಲ. ಅಲ್ಲಿಯವರಿಗೂ ನಮ್ಮದೇ ತಲೆನೋವು. 1994ರಿಂದ ಬಂದ ಎನ್‌ವಿ4500 ಅನ್ನೋ ಐದು ಗೇರಿನ ಮ್ಯಾನ್ಯುಯಲ್ ಬಾಕ್ಸಿನಲ್ಲಿ ಓವರ್‌ಡ್ರೈವ್ ಇತ್ತು. ಅದನ್ನು ಹುಡುಕಿ ಹುಡುಕಿ ಹಳೇ ಗಾಡಿಗೆ ಹಾಕಿಸಿಕೊಂಡರು. ಆದರೆ ಡಾಡ್ಜಿನಲ್ಲಿ ಅದರ ಐದನೇ ಗೇರನ್ನು ಹಿಡಿದಿಡುವ ನಟ್ ಸಡಿಲಾಗುವ ಕಾಯಿಲೆ ಹೆಸರುವಾಸಿ. ಆ ಗೇರ್ ಶಾಫ್ಟಿನ ಹಿಂದಿನ ತುದಿಯಲ್ಲಿದೆ, ಡೀಸೆಲ್ ಎಂಜಿನ್ನಿನ ಅದುರು ಬೇರೆ. ಯಾವ ದೇಶದ ಬಾಕ್ಸ್ ಆದರೂ ಓವರ್‌ಡ್ರೈವ್ ಗೇರನ್ನು ಹೇಗೆ ಕಟ್ಟಿಹಾಕಿದ್ದಾರೆ ಅಂತ ಬಿಚ್ಚಿ ನೋಡದೆ ಕೂರಿಸಬೇಡಿ ಅಂತ ನಾನು ಹೇಳೋದು ಇದಕ್ಕೇ.

ನಮಗೆ ಉಳಿಯೋದು ಇಡೀ ಬಾಕ್ಸ್ ಬದಲಾವಣೆ. ಅದೇ ಕಂಪನಿಯ, ಅದೇ ಎಂಜಿನ್ ಕುಟುಂಬದ ಜೊತೆ ಬಂದ, ಆರು ಗೇರಿನ ಓವರ್‌ಡ್ರೈವ್ ಬಾಕ್ಸ್ ಸಿಕ್ಕರೆ ಅರ್ಧ ತಲೆನೋವು ಕಡಿಮೆ. ಬೇರೆ ಕಂಪನಿಯದನ್ನು ಹೊಂದಿಸುತ್ತೇನೆ ಅಂತ ಪ್ಲೇಟ್ ಕೊರೆಸಿ, ವೆಲ್ಡಿಂಗ್ ಮಾಡಿಸಿ ಕೂರಿಸಿದ ಗಾಡಿಗಳನ್ನು ನೋಡಿದ್ದೇನೆ. ಬಾಕ್ಸಿನ ಮಧ್ಯ, ಎಂಜಿನ್ನಿನ ಮಧ್ಯ ಕೂದಲೆಳೆಯಷ್ಟು ತಪ್ಪಿದರೂ ಮುಂದಿನ ಬೇರಿಂಗು, ಕ್ಲಚ್ ಪ್ಲೇಟಿನ ನಡುವಿನ ಹಲ್ಲು ಉಳಿಯುವುದಿಲ್ಲ.

ಗುಜರಿಯಲ್ಲಿ ನಿಂತಾಗ

ನೇರ ಟಾಪಿನ ಬಾಕ್ಸು, ಓವರ್‌ಡ್ರೈವ್ ಬಾಕ್ಸು ಎಷ್ಟೋ ಸಲ ಒಂದೇ ಹೊರಕವಚದಲ್ಲಿ ಬರುತ್ತವೆ. ಹೊರಗಿನಿಂದ ನೋಡಿದರೆ ಅಣ್ಣತಮ್ಮ. ಹಾಗಾಗಿ ಚಾಕ್‌ಪೀಸ್ ಜೇಬಿನಲ್ಲಿಟ್ಟುಕೊಂಡೇ ಹೋಗಿ. ಬಾಕ್ಸ್ ನೆಲದ ಮೇಲಿದ್ದಾಗ ಎಣಿಸೋದು ಎರಡು ನಿಮಿಷದ ಕೆಲಸ. ಟಾಪ್ ಗೇರಿಗೆ ಹಾಕಿ. ಮುಂದಿನ ಶಾಫ್ಟಿಗೆ, ಹಿಂದಿನ ಫ್ಲ್ಯಾಂಜಿಗೆ ಗೆರೆ ಎಳೆಯಿರಿ. ಮುಂದಿನದನ್ನು ಹತ್ತು ಸುತ್ತು ತಿರುಗಿಸಿ. ಹಿಂದಿನದು ಹತ್ತೇ ತಿರುಗಿದರೆ ಎದ್ದು ಬನ್ನಿ. ಹನ್ನೆರಡೂವರೆ ತಿರುಗಿದರೆ 0.8. ಹದಿಮೂರು ದಾಟಿ ಇನ್ನೂ ಮೂರನೇ ಒಂದು ಪಾಲು ತಿರುಗಿದರೆ 0.75.

ಅಷ್ಟಕ್ಕೇ ನಿಲ್ಲಿಸಬೇಡಿ. ಎಲ್ಲ ಗೇರನ್ನೂ ಹೀಗೇ ಎಣಿಸಿ ಬರೆದುಕೊಳ್ಳಿ. ಮೊದಲ ಗೇರ್ ಮುಖ್ಯ. ಹಳೆಯದರಲ್ಲಿ 7.5 ಇದ್ದು ಹೊಸದರಲ್ಲಿ 5.6 ಇದ್ದರೆ, 6.83ರ ಕ್ರೌನಿನ ಜೊತೆ 51 ಇದ್ದದ್ದು 38 ಆಗುತ್ತದೆ. ಕಾಲು ಭಾಗ ಹೋಯಿತು. ಕ್ರೌನ್ ಬದಲಾಯಿಸಿದ್ದಕ್ಕಿಂತ ಕೆಟ್ಟದು ಇದು. ಮೊದಲ ಗೇರು ನಿಮ್ಮ ಹಳೆಯದಕ್ಕೆ ಹತ್ತಿರ ಇದ್ದು, ಟಾಪ್ ಮಾತ್ರ ಉದ್ದ ಇರುವ ಬಾಕ್ಸ್ ಹುಡುಕಿ. ಆರು ಗೇರ್ ಬೇಕು ಅನ್ನೋದು ಅದಕ್ಕೇ.

ಕೊನೆಯ ಎರಡು ಗೇರಿನ ನಡುವಿನ ಅಂತರವನ್ನೂ ನೋಡಿ. 1ರಿಂದ 0.8ಕ್ಕೆ ಹೋದರೆ 2200ರಲ್ಲಿ ಬದಲಾಯಿಸಿದಾಗ 1760ಕ್ಕೆ ಬೀಳುತ್ತದೆ, ಎಂಜಿನ್ ಹಿಡಿದುಕೊಳ್ಳುತ್ತದೆ. 1.5ರಿಂದ ಒಮ್ಮೆಲೇ 0.75ಕ್ಕೆ ಹಾರುವ ಬಾಕ್ಸಾದರೆ 1100ಕ್ಕೆ ಬೀಳುತ್ತದೆ. ಲೋಡ್ ಗಾಡಿ ಅಲ್ಲಿಂದ ಏಳುವುದಿಲ್ಲ.

ಆಮೇಲೆ ಮೇಲಿನ ಮುಚ್ಚಳ ತೆಗೆಸಿ. ತೆಗೆಯಲು ಒಪ್ಪದವನ ಹತ್ತಿರ ಕೊಳ್ಳಬೇಡಿ. ಓವರ್‌ಡ್ರೈವ್ ಗೇರಿನ ಹಲ್ಲುಗಳ ಮೇಲೆ ಬೆಳಕು ಬಿಟ್ಟು ನೋಡಿ. ನೇರ ಟಾಪಿನಲ್ಲಿ ಶಕ್ತಿ ಮುಂದಿನ ಶಾಫ್ಟಿನಿಂದ ಹಿಂದಿನ ಶಾಫ್ಟಿಗೆ ಸೀದಾ ಹೋಗುತ್ತದೆ, ಕೆಳಗಿನ ಶಾಫ್ಟಿನ ಗೇರುಗಳು ಸುಮ್ನೆ ತಿರುಗುತ್ತಿರುತ್ತವೆ. ಓವರ್‌ಡ್ರೈವ್‌ನಲ್ಲಿ ಪೂರ್ತಿ ಶಕ್ತಿ ಆ ಕೆಳಗಿನ ಶಾಫ್ಟ್, ಅದರ ಬೇರಿಂಗ್ ಮೂಲಕವೇ ಹಾಯಬೇಕು. ಹಿಂದಿನ ಮಾಲೀಕ ಭಾರದ ಲೋಡನ್ನು ಓವರ್‌ಡ್ರೈವ್‌ನಲ್ಲೇ ಎಳೆದಿದ್ದರೆ ಅಲ್ಲಿ ಹಲ್ಲಿನ ಮುಖದ ಮೇಲೆ ಸಣ್ಣ ಸಣ್ಣ ಗುಳಿ ಬಿದ್ದಿರುತ್ತವೆ. ಬೆರಳಿನ ಉಗುರು ಆಡಿಸಿದರೆ ಸಿಕ್ಕುತ್ತವೆ. ಕೆಳಗಿನ ಶಾಫ್ಟನ್ನು ಹಿಡಿದು ಅಲುಗಾಡಿಸಿ ನೋಡಿ. ಆ ಬಾಕ್ಸ್ ತಡೆಯುವ ಟಾರ್ಕ್ ನಿಮ್ಮ ಎಂಜಿನ್ ಕೊಡುವ ಟಾರ್ಕಿಗಿಂತ ಮೇಲಿರಬೇಕು. ಡೀಸೆಲ್ ಜಾಸ್ತಿ ಹೋಗುವ ಹಾಗೆ ಪಂಪು ಏರಿಸಿಕೊಂಡ ಎಂಜಿನ್ನಾದರೆ ಇನ್ನೂ ಜಾಸ್ತಿ ಅಂತರ ಇಟ್ಟುಕೊಳ್ಳಿ.

ಕೂರಿಸುವಾಗ

ಹಳೇ ಬಾಕ್ಸಿನ ಅಳತೆ ಬರೆದುಕೊಂಡೇ ಹೊಸದನ್ನು ನೋಡಲು ಹೋಗಿ. ಬೆಲ್ ಹೌಸಿಂಗಿನ ಬೋಲ್ಟ್ ತೂತುಗಳ ಜಾಗ, ಮುಂದಿನ ಶಾಫ್ಟಿನ ಹಲ್ಲುಗಳ ಎಣಿಕೆ ಮತ್ತು ದಪ್ಪ, ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗ್ ಅಳತೆ, ಕ್ಲಚ್ ಪ್ಲೇಟಿನ ಅಗಲ, ಬಾಕ್ಸಿನ ಉದ್ದ, ಹಿಂದಿನ ಫ್ಲ್ಯಾಂಜಿನ ತೂತು, ಲಿವರ್ ಎಲ್ಲಿ ಏಳುತ್ತದೆ, ಮೀಟರ್ ಕೇಬಲ್ ಎಲ್ಲಿ ಸೇರುತ್ತದೆ. ಹ್ಯಾಂಡ್‌ಬ್ರೇಕ್ ಡ್ರಮ್ ಬಾಕ್ಸಿನ ಹಿಂದೆಯೇ ಇರುವ ಗಾಡಿಯಾದರೆ ಹೊಸದರಲ್ಲಿ ಅದಕ್ಕೆ ಜಾಗ ಇದೆಯಾ ನೋಡಿ. ಇದು ತಪ್ಪಿದರೆ ಗಾಡಿಗೆ ಹ್ಯಾಂಡ್‌ಬ್ರೇಕೇ ಇರುವುದಿಲ್ಲ.

ಬಾಕ್ಸ್ ಹೇಗೂ ಇಳಿಸಿರುತ್ತೀರಿ. ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು, ಪೈಲಟ್ ಬೇರಿಂಗು, ಎಂಜಿನ್ ಹಿಂದಿನ ಆಯಿಲ್ ಸೀಲು ಅದೇ ಕೈಯಲ್ಲಿ ಮಾಡಿಸಿ. ಒಂದು ಸೀಲಿಗಾಗಿ ಮತ್ತೆ ಬಾಕ್ಸ್ ಇಳಿಸುವುದು ನೋವಿನ ಕೆಲಸ.

ಆರು ಗೇರಿನ ಬಾಕ್ಸ್ ಸಾಮಾನ್ಯವಾಗಿ ಉದ್ದ ಇರುತ್ತದೆ, ಶಾಫ್ಟ್ ಕತ್ತರಿಸಬೇಕಾಗುತ್ತದೆ. ಗೋಕುಲ ರೋಡು, ತಾರಿಹಾಳದಂಥ ಕೈಗಾರಿಕಾ ಪ್ರದೇಶದ ಲೇತ್ ಕೆಲಸದವರಲ್ಲಿ ವಿಚಾರಿಸಿ, ಆದರೆ ಬ್ಯಾಲೆನ್ಸಿಂಗ್ ಮಾಡಿಕೊಡುವವರ ಹತ್ತಿರ ಮಾತ್ರ ಕೆಲಸ ಕೊಡಿ. ಬರೀ ಕತ್ತರಿಸಿ ಬೆಸೆದು ಕೊಟ್ಟ ಶಾಫ್ಟು 50ರ ಮೇಲೆ ಸೀಟಿನ ಕೆಳಗೆ ಗುಂಯ್ ಅನ್ನುತ್ತದೆ, ಸೆಂಟರ್ ಬೇರಿಂಗ್ ತಿನ್ನುತ್ತದೆ. ಎರಡೂ ತುದಿಯ ಕವೆಗಳು ಒಂದೇ ಸಾಲಿನಲ್ಲಿ ನಿಲ್ಲಬೇಕು. ಬಿಚ್ಚುವ ಮುಂಚೆಯೇ ಗೆರೆ ಎಳೆದಿಟ್ಟುಕೊಳ್ಳಿ.

ಗೇರ್ ಆಯಿಲ್ ವಿಷಯದಲ್ಲಿ ಅಂಗಡಿಯವರ ಮಾತು ಬೇಡ, ಬಾಕ್ಸ್ ಮಾಡಿದವರ ಮಾತು ಬೇಕು. ಹಿಂದಿನ ಹೌಸಿಂಗಿಗೆ ಹಾಕುವ ಜಿಎಲ್-5 ದರ್ಜೆಯ ಆಯಿಲನ್ನೇ ಗೇರ್ ಬಾಕ್ಸಿಗೂ ಸುರಿಯುವ ಅಭ್ಯಾಸ ನಮ್ಮಲ್ಲಿದೆ. ಗೇರ್ ಸಲೀಸಾಗಿ ಬೀಳಲು ಹಿತ್ತಾಳೆಯ ಸಿಂಕ್ರೊ ರಿಂಗ್ ಇರುವ ಎಷ್ಟೋ ಬಾಕ್ಸುಗಳಿಗೆ ಜಿಎಲ್-4 ಬೇಕು, ಜಿಎಲ್-5ರಲ್ಲಿರುವ ಗಂಧಕದ ಅಂಶ ಹಿತ್ತಾಳೆಯನ್ನು ತಿನ್ನಬಹುದು.

ದುಡ್ಡು, ಕಾಗದ

ಲಾಭದ ಲೆಕ್ಕ ನಿಮ್ಮ ಗಾಡಿಯದೇ ಇರಲಿ. ಒಂದು ಉದಾಹರಣೆ ಮಾತ್ರ ಕೊಡುತ್ತೇನೆ. ತಿಂಗಳಿಗೆ 5000 ಕಿ.ಮೀ. ಓಡಿ, ಲೀಟರಿಗೆ 4 ಕಿ.ಮೀ. ಕೊಡುವ ಗಾಡಿ 1250 ಲೀಟರ್ ಕುಡಿಯುತ್ತದೆ. ಅದು 4.4 ಆದರೆ 1136 ಲೀಟರ್. ಉಳಿದದ್ದು 114 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ ಹತ್ತು ಸಾವಿರಕ್ಕಿಂತ ಸ್ವಲ್ಪ ಜಾಸ್ತಿ. ಬಾಕ್ಸು, ಕ್ಲಚ್ಚು, ಶಾಫ್ಟು, ಕೂಲಿ, ಆಯಿಲು, ಗಾಡಿ ನಿಂತ ದಿನಗಳ ಬಾಡಿಗೆ ಎಲ್ಲ ಸೇರಿಸಿ ಎಷ್ಟು ತಿಂಗಳಲ್ಲಿ ವಾಪಸ್ ಬರುತ್ತದೆ ನೋಡಿ. 15 ವರ್ಷ ದಾಟಿದ ಗಾಡಿಯ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಶುಲ್ಕ ಏರಿದೆ, ಗಾಡಿಯನ್ನು ಇನ್ನೆಷ್ಟು ವರ್ಷ ಓಡಿಸುತ್ತೀರಿ ಅನ್ನೋದನ್ನೂ ಪಕ್ಕದಲ್ಲಿಟ್ಟು ನೋಡಿ. ಎರಡು ವರ್ಷದಲ್ಲಿ ಬರದಿದ್ದರೆ ನಾನು ಹಾಕಿಸುವುದಿಲ್ಲ.

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಗಾಡಿಯಲ್ಲಿ ಮಾಡುವ ಬದಲಾವಣೆಯ ಬಗ್ಗೆಯೇ ಇದೆ. ಕೆಲಸಕ್ಕೆ ಕೈ ಹಾಕುವ ಮುಂಚೆ ನಿಮ್ಮ ಆರ್‌ಟಿಓ ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ಗಾಡಿ ಮೇಲೆ ಸಾಲ ಇದ್ದರೆ ಫೈನಾನ್ಸ್‌ನವರ ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ. ಬಾಕ್ಸ್ ಕೊಂಡ ಬಿಲ್ ಜೋಪಾನ, ಗುಜರಿಯಲ್ಲಿ ಕದ್ದ ಮಾಲೂ ಇರುತ್ತದೆ. ಬಾಕ್ಸ್ ಬದಲಾದ ಮೇಲೆ ಸ್ಪೀಡ್ ಮೀಟರ್, ಸ್ಪೀಡ್ ಗವರ್ನರ್ ಎರಡನ್ನೂ ಸರಿಹೊಂದಿಸಿ. ಮೊಬೈಲ್ ಜಿಪಿಎಸ್ ಇಟ್ಟುಕೊಂಡು 40, 60ರಲ್ಲಿ ಹೊಂದಿಸಿ ನೋಡಿದರೆ ತಪ್ಪು ಗೊತ್ತಾಗುತ್ತದೆ.

ಓಡಿಸುವಾಗ

ಓವರ್‌ಡ್ರೈವ್ ಇರೋದು ಅದೇ ವೇಗದಲ್ಲಿ ಎಂಜಿನ್ನಿಗೆ ಆರಾಮ ಕೊಡೋಕೆ. ಎಂಜಿನ್ ಸದ್ದು ಕಡಿಮೆ ಆಯಿತು ಅಂತ 60ರಲ್ಲಿ ಹೋಗುತ್ತಿದ್ದವರು 75ಕ್ಕೆ ಏರಿಸಿದರೆ ಗಾಳಿ ತಡೆ ಒಂದೂವರೆ ಪಟ್ಟಿಗೂ ಜಾಸ್ತಿ ಆಗುತ್ತದೆ. ಮೆಣಸಿನಕಾಯಿ ಲೋಡಿನಲ್ಲಿ ಉಳಿದ ಡೀಸೆಲ್ ಎಲ್ಲ ಅಲ್ಲಿಗೇ ಹೋಗುತ್ತದೆ. ಡ್ರೈವರ್ ಬೇರೆಯವರಾದರೆ ಇದನ್ನು ಪಕ್ಕದಲ್ಲಿ ಕೂತು ತೋರಿಸಿ ಹೇಳಿ.

ಏರಿನಲ್ಲಿ, ಎದುರು ಗಾಳಿಯಲ್ಲಿ, ಭಾರದ ಲೋಡಿನಲ್ಲಿ ನೇರ ಗೇರಿಗೆ ಬನ್ನಿ. ಘಟ್ಟ ಇಳಿಯುವಾಗ ಓವರ್‌ಡ್ರೈವ್ ಮುಟ್ಟಲೇಬೇಡಿ. ಅದರಲ್ಲಿ ಎಂಜಿನ್ ಗಾಡಿಯನ್ನು ತಡೆಹಿಡಿಯುವುದು ತೀರಾ ಕಡಿಮೆ, ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಲೈನರ್ ಕಾದರೆ ಬ್ರೇಕ್ ಹಿಡಿಯುವುದಿಲ್ಲ. ಅರಬೈಲ್ ಇಳಿಯುವ ಮುಂಚೆಯೇ ಗೇರ್ ಇಳಿಸಿ, ಬ್ರೇಕಿನ ಗಾಳಿಯ ಮೀಟರ್ ನೋಡಿ, ಆಮೇಲೆ ಇಳಿಯಿರಿ.

ಡೀಸೆಲ್ ಉಳಿತಾ ಅಂತ ನೋಡಲು ಒಂದೇ ಬಂಕು, ಒಂದೇ ಪಂಪು, ಟ್ಯಾಂಕಿನ ಬಾಯಿವರೆಗೆ ತುಂಬಿಸಿ, ಅದೇ ದಾರಿ, ಅದೇ ಥರದ ಲೋಡ್. ಹೋಗಿ ಬರುವ ಟ್ರಿಪ್ ಮೂರಾದರೂ ಆಗಬೇಕು. ಬದಲಾಯಿಸುವ ಮುಂಚಿನ ಮೂರು ಟ್ರಿಪ್ಪಿನ ಲೆಕ್ಕ ನೋಟ್‌ಬುಕ್ಕಿನಲ್ಲಿ ಇಲ್ಲದಿದ್ದರೆ ಹೋಲಿಸೋಕೆ ಏನೂ ಇರುವುದಿಲ್ಲ, ಅದಕ್ಕೇ ಅದನ್ನು ಮೊದಲೇ ಮಾಡಿಟ್ಟುಕೊಳ್ಳಿ.

ಮೊದಲ 1000 ಕಿ.ಮೀ. ಆದ ಮೇಲೆ ಬಾಕ್ಸಿನ ಆಯಿಲ್ ಬಿಸಿ ಇರುವಾಗಲೇ ಶುಚಿಯಾದ ತಟ್ಟೆಗೆ ಇಳಿಸಿ. ಅಯಸ್ಕಾಂತದ ಪ್ಲಗ್ ಇದ್ದರೆ ಅದನ್ನು ಬಟ್ಟೆಯಿಂದ ಒರೆಸುವ ಮುಂಚೆ ಬೆಳಕಿನಲ್ಲಿ ಹಿಡಿದು ನೋಡಿ. ಬೂದಿಯಂಥ ನುಣ್ಣನೆ ಕೆಸರು ಇದ್ದರೆ ಪರವಾಗಿಲ್ಲ, ಹೊಸ ಆಯಿಲ್ ಹಾಕಿ ಓಡಿಸಿ. ತಟ್ಟೆಯ ಆಯಿಲಿನಲ್ಲಿ ಹಳದಿ ಹೊಳಪು ಜಾಸ್ತಿ ಕಂಡರೆ ಸಿಂಕ್ರೊ ಸವೆಯುತ್ತಿದೆ, ಯಾವ ಆಯಿಲ್ ಹಾಕಿದ್ದೀರಿ ಮತ್ತೆ ನೋಡಿ. ಬೆರಳಿಗೆ ಚುಚ್ಚುವಂಥ ಉಕ್ಕಿನ ಚೂರು ಸಿಕ್ಕರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಮುಚ್ಚಳ ತೆಗೆಸಿ, ಮೊದಲು ಓವರ್‌ಡ್ರೈವ್ ಗೇರಿನ ನಟ್ಟಿಗೆ ಪಾನಾ ಹಾಕಿ ನೋಡಿ.